ಹಿಂದಕ್ಕೆ ತೆಗೆಯುವಾಗ ದೋಣಿ ಟ್ರೇಲರಿನ ಬ್ರೇಕ್ ಹಿಡಿದುಕೊಂಡರೆ ದೋಷ ಹುಡುಕುವ ಬಗೆ

ರಿವರ್ಸ್ ಗೇರ್ ಹಾಕಿ ಕ್ಲಚ್ ಬಿಟ್ಟೊಡನೆ ಕಾರು ನಾಲ್ಕು ಬೆರಳಿನಷ್ಟು ಹಿಂದೆ ಸರಿಯುತ್ತದೆ, ಕಾರಿಗೆ ಟ್ರೇಲರನ್ನು ಸೇರಿಸುವ ಕೊಂಡಿಯ ಬಳಿ ಟಕ್ ಎಂದು ಸದ್ದಾಗುತ್ತದೆ, ಅಲ್ಲಿಂದಾಚೆಗೆ ಟ್ರೇಲರಿನ ಚಕ್ರಗಳು ಉರುಳದೆ ರಸ್ತೆಯ ಮೇಲೆ ಉಜ್ಜಿಕೊಂಡೇ ಬರುತ್ತವೆ. ಬೆಂಗಳೂರಿನಲ್ಲಿ ದೋಣಿ ಇಟ್ಟುಕೊಂಡು ರಜೆಯಲ್ಲಿ ಅದನ್ನು ಕೃಷ್ಣರಾಜಸಾಗರದ ಹಿನ್ನೀರಿಗೋ ಶಿರಾಡಿ ಘಾಟಿ ಇಳಿದು ಕರಾವಳಿಗೋ ಎಳೆದುಕೊಂಡು ಹೋಗುವವರಿಗೆ ಈ ತೊಂದರೆ ಎದುರಾಗುವುದು ಹೆಚ್ಚಾಗಿ ನೀರಿನ ದಡದಲ್ಲಲ್ಲ, ಮನೆಯ ಗೇಟಿನ ಮುಂದೆ. ಅದಕ್ಕೆ ಕಾರಣವಿದೆ. ದಡದ ಇಳಿಜಾರಿನಲ್ಲಿ ಹಿಂದಕ್ಕೆ ಹೋಗುವಾಗ ಟ್ರೇಲರು ತನ್ನ ಭಾರದಿಂದಲೇ ನೀರಿನತ್ತ ಜಗ್ಗುತ್ತಿರುತ್ತದೆ, ಆದ್ದರಿಂದ ಕೊಂಡಿ ಹೊರಕ್ಕೆ ಎಳೆದುಕೊಂಡು ಹಿಗ್ಗಿದ ಸ್ಥಿತಿಯಲ್ಲೇ ಉಳಿದು ಬ್ರೇಕಿಗೆ ಒತ್ತಡ ಬೀಳುವುದಿಲ್ಲ. ಮನೆಗೆ ಬಂದು ಗಿರಿನಗರದಂಥ ಏರುರಸ್ತೆಯಲ್ಲಿ ಅದೇ ಟ್ರೇಲರನ್ನು ಹಿಂದಕ್ಕೆ ಏರಿಸಬೇಕಾದಾಗ ಕಾರು ಅದನ್ನು ತಳ್ಳಬೇಕಾಗುತ್ತದೆ, ಆಗ ದೋಷ ಹೊರಬೀಳುತ್ತದೆ.

ನನಗೂ ಹಾಗೆಯೇ ಆಯಿತು. ಹೊರದೇಶದಿಂದ ಬಂದ ಹಳೆಯ ಟ್ರೇಲರೊಂದನ್ನು ದೋಣಿಯ ಸಮೇತ ಕೊಂಡಿದ್ದೆ. ಮೊದಲ ಪ್ರವಾಸ ಮುಗಿಸಿ ಬಂದು ಮನೆಯ ಮುಂದಿನ ಏರಿನಲ್ಲಿ ಹಿಂದಕ್ಕೆ ತೆಗೆಯಲು ಹೋದಾಗ ಕ್ಲಚ್ ಸುಟ್ಟ ವಾಸನೆ ಬಂತೇ ಹೊರತು ಟ್ರೇಲರು ಗೇಟು ದಾಟಲಿಲ್ಲ. ಮರುದಿನ ಒಂದು ಗ್ಯಾರೇಜಿನವರು ನೋಡಿ, ಬ್ರೇಕಿನ ಪೈಪನ್ನೇ ಕತ್ತರಿಸಿ ಮುಚ್ಚಿಬಿಡೋಣ, ಸಣ್ಣ ಟ್ರೇಲರಿಗೆ ಬ್ರೇಕ್ ಏಕೆ ಎಂದರು. ನಾನು ಒಪ್ಪಲಿಲ್ಲ. ದೋಣಿ, ಎಂಜಿನ್, ಪೆಟ್ರೋಲ್ ಟ್ಯಾಂಕ್, ಚೌಕಟ್ಟು ಎಲ್ಲ ಸೇರಿ ಒಂದು ಟನ್ನಿನಷ್ಟು ಭಾರವು ಘಾಟಿಯ ಇಳಿಜಾರಿನಲ್ಲಿ ಬ್ರೇಕಿಲ್ಲದೆ ಕಾರಿನ ಬೆನ್ನಿಗೆ ಬೀಳುವುದೆಂದರೆ ಏನೆಂದು ಒಮ್ಮೆ ಯೋಚಿಸಿದ ಯಾರೂ ಆ ಸಲಹೆಗೆ ತಲೆಯಾಡಿಸಲಾರರು. ಈ ಲೇಖನದಲ್ಲಿ ಹೇಳುವುದು ಬ್ರೇಕನ್ನು ಉಳಿಸಿಕೊಂಡೇ ದೋಷವನ್ನು ಹುಡುಕುವ ಕ್ರಮ.

ಬ್ರೇಕಿಗೆ ಏಕೆ ಗೊತ್ತಾಗುವುದಿಲ್ಲ

ದೋಣಿಯ ಟ್ರೇಲರುಗಳಲ್ಲಿ ಹೆಚ್ಚಾಗಿ ಇರುವುದು ನೂಕಿನ ಬ್ರೇಕ್. ಕಾರಿನ ಬ್ರೇಕ್ ಪೆಡಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕಾರು ನಿಧಾನವಾದಾಗ ಹಿಂದಿನ ಟ್ರೇಲರು ತನ್ನ ವೇಗದಲ್ಲೇ ಮುಂದಕ್ಕೆ ನುಗ್ಗಲು ನೋಡುತ್ತದೆ. ಆ ನೂಕಿಗೆ ಕೊಂಡಿಯ ಭಾಗವು ಒಳಗಿನ ಕೊಳವೆಯೊಳಕ್ಕೆ ಜಾರಿ, ಬ್ರೇಕ್ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಒತ್ತುತ್ತದೆ, ಅಲ್ಲಿಂದ ಬ್ರೇಕ್ ಆಯಿಲ್ ಚಕ್ರಗಳಿಗೆ ಒತ್ತಡ ಒಯ್ಯುತ್ತದೆ. ಇದು ಸರಳ ಮತ್ತು ನಂಬಿಕೆಗೆ ಅರ್ಹವಾದ ಏರ್ಪಾಡು. ಆದರೆ ಕಾರು ಹಿಂದಕ್ಕೆ ತಳ್ಳಿದಾಗಲೂ ಕೊಂಡಿ ಇದೇ ರೀತಿ ಒಳಕ್ಕೆ ಜಾರುತ್ತದೆ. ಮಾಸ್ಟರ್ ಸಿಲಿಂಡರಿನ ಮಟ್ಟಿಗೆ ಇವೆರಡೂ ಒಂದೇ. ನಿಲ್ಲುವುದಕ್ಕೂ ಹಿಂದೆ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಅದಕ್ಕೆ ತಿಳಿಸಲು ಪ್ರತಿ ಟ್ರೇಲರಿನಲ್ಲೂ ಬೇರೆಯದೇ ಒಂದು ಉಪಾಯವನ್ನು ಅಳವಡಿಸಿರುತ್ತಾರೆ. ನಿಮ್ಮ ಟ್ರೇಲರಿನಲ್ಲಿರುವ ಉಪಾಯ ಯಾವುದು, ಅದು ಕೆಲಸ ಮಾಡುತ್ತಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಆ ಉಪಾಯಗಳು ಮುಖ್ಯವಾಗಿ ನಾಲ್ಕು ಬಗೆಯವು. ಡಿಸ್ಕ್ ಬ್ರೇಕಿನ ಟ್ರೇಲರುಗಳಲ್ಲಿ ಮಾಸ್ಟರ್ ಸಿಲಿಂಡರಿನ ಹೊರದಾರಿಯಲ್ಲೇ ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ಕವಾಟವೊಂದಿರುತ್ತದೆ. ಕಾರಿನ ರಿವರ್ಸ್ ದೀಪ ಹೊತ್ತಿದಾಗ ಅದಕ್ಕೂ 12 ವೋಲ್ಟ್ ಹರಿದು, ಆಯಿಲ್ ಚಕ್ರಗಳತ್ತ ಹೋಗುವ ದಾರಿ ಮುಚ್ಚುತ್ತದೆ. ಡ್ರಮ್ ಬ್ರೇಕಿನ ಟ್ರೇಲರುಗಳಲ್ಲಿ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳ ಜೋಡಣೆಯೇ ಚಕ್ರ ಹಿಂದಕ್ಕೆ ತಿರುಗುವಾಗ ಹಿಡಿತ ಸಡಿಲುವಂತೆ ಇರುತ್ತದೆ. ಯುರೋಪಿನಿಂದ ಬಂದವುಗಳಲ್ಲಿ ಆಯಿಲ್ ಬದಲು ಸರಳು ಮತ್ತು ಕೇಬಲ್ ಇದ್ದು, ಡ್ರಮ್ಮಿನೊಳಗೆ ಹಿಂದಕ್ಕೆ ತಿರುಗಿದಾಗ ತಾನಾಗಿ ಮಡಚಿಕೊಳ್ಳುವ ಶೂ ಇರುತ್ತದೆ. ತೀರ ಹಳೆಯ ಟ್ರೇಲರುಗಳಲ್ಲಿ ಕೊಂಡಿ ಒಳಕ್ಕೆ ಜಾರದಂತೆ ಕೈಯಿಂದ ಅಡ್ಡ ಹಾಕುವ ಪಿನ್ನು ಅಥವಾ ಸನ್ನೆ ಮಾತ್ರ ಇರುತ್ತದೆ. ಟ್ರೇಲರಿನ ಕೆಳಗೆ ಟಾರ್ಚ್ ಹಿಡಿದು ಐದು ನಿಮಿಷ ನೋಡಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ

ಚಕ್ರಕ್ಕೆ ಇಟ್ಟ ಅಡ್ಡಗಲ್ಲು ಅಲ್ಲೇ ಉಳಿದಿದೆಯೇ, ಟ್ರೇಲರಿನ ಕೈಬ್ರೇಕ್ ಎಳೆದಿದೆಯೇ ಎಂದು ನೋಡುವುದನ್ನು ಹೇಳಬೇಕಾಗಿಲ್ಲ. ಹಲವರು ಮರೆಯುವುದು ತುರ್ತು ಕೇಬಲನ್ನು. ಟ್ರೇಲರು ಕಾರಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯಲೆಂದು ಕೊಂಡಿಯಿಂದ ಕಾರಿಗೆ ಕಟ್ಟುವ ಆ ತೆಳು ಕೇಬಲ್ ಅಥವಾ ಸರಪಳಿ ಇಕ್ಕಟ್ಟಾದ ತಿರುವಿನಲ್ಲಿ ಜಗ್ಗಿಕೊಂಡರೆ ಅದರ ಸನ್ನೆ ಒಂದು ಹಲ್ಲು ಮುಂದಕ್ಕೆ ಹೋಗಿ ಅಲ್ಲೇ ಕಚ್ಚಿಕೊಂಡಿರುತ್ತದೆ. ಆಗ ಬ್ರೇಕು ಅರ್ಧ ಹಿಡಿದೇ ಇರುತ್ತದೆ. ಸ್ಕ್ರೂಡ್ರೈವರಿನಿಂದ ಆ ಹಲ್ಲನ್ನು ಬಿಡಿಸಿ, ಕೇಬಲನ್ನು ತಿರುವಿಗೆ ಸಾಕಾಗುವಷ್ಟು ಸಡಿಲವಾಗಿ ಕಟ್ಟಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಹಿಂದೆ ಅಡ್ಡವಿದ್ದರೆ ಕಾರೇ ಬ್ರೇಕ್ ಹಾಕಿಕೊಳ್ಳುವ ವ್ಯವಸ್ಥೆ ಇರುತ್ತದೆ. ಅದು ಟ್ರೇಲರನ್ನೇ ಅಡ್ಡವೆಂದು ತಿಳಿಯಬಹುದಾದ್ದರಿಂದ ಅದನ್ನು ಆರಿಸಿ ಒಮ್ಮೆ ನೋಡಿ.

ಇಷ್ಟಾದ ಮೇಲೆ ಒಂದೇ ಒಂದು ಪರೀಕ್ಷೆ ಮುಂದಿನ ದಾರಿಯನ್ನು ತೋರಿಸುತ್ತದೆ. ಹಿಂದಕ್ಕೆ ತಳ್ಳಿ ಬ್ರೇಕ್ ಹಿಡಿದುಕೊಂಡ ಮೇಲೆ ಕಾರನ್ನು ಒಂದು ಮೀಟರ್ ಮುಂದಕ್ಕೆ ಎಳೆಯಿರಿ. ಚಕ್ರಗಳು ಒಡನೆ ಸಡಿಲವಾಗಿ ಉರುಳಿದರೆ ಬ್ರೇಕ್ ಆರೋಗ್ಯವಾಗಿದೆ, ಹಿಂದಕ್ಕೆ ಹೋಗುತ್ತಿದ್ದೇವೆಂದು ತಿಳಿಸುವ ಉಪಾಯ ಮಾತ್ರ ಕೆಟ್ಟಿದೆ ಎಂದು ಅರ್ಥ. ಮುಂದಕ್ಕೆ ಎಳೆದರೂ ಚಕ್ರ ಬಿಗಿಯಾಗಿಯೇ ಇದ್ದರೆ, ಅಥವಾ ಸ್ವಲ್ಪ ದೂರ ಓಡಿಸಿದ ಮೇಲೆ ಚಕ್ರದ ನಡುಭಾಗವಾದ ಹಬ್ಬಿನ ಹತ್ತಿರ ಕೈ ಒಯ್ದಾಗ ಕಾವು ತಟ್ಟಿದರೆ, ಒತ್ತಿದ ಬ್ರೇಕ್ ಬಿಡುತ್ತಲೇ ಇಲ್ಲ. ಇವೆರಡನ್ನೂ ಒಂದೇ ರೋಗವೆಂದು ತಿಳಿದು ಮದ್ದು ಮಾಡಿದ್ದರಿಂದಲೇ ನಾನು ಎರಡು ವಾರ ಕಳೆದುಕೊಂಡೆ.

ಸೊಲೆನಾಯ್ಡ್ ಇರುವ ಟ್ರೇಲರು

ಕಾರಿನ ಎಂಜಿನ್ ಆರಿಸಿ, ಕೈಬ್ರೇಕ್ ಎಳೆದು, ಕೀಲಿಯನ್ನು ಆನ್ ಸ್ಥಿತಿಗೆ ತಿರುಗಿಸಿ, ರಿವರ್ಸ್ ಗೇರ್ ಹಾಕಲು ಇನ್ನೊಬ್ಬರಿಗೆ ಹೇಳಿ. ನೀವು ಸೊಲೆನಾಯ್ಡ್ ಮೇಲೆ ಬೆರಳಿಟ್ಟು ನಿಂತಿರಿ. ಗೇರ್ ಬಿದ್ದೊಡನೆ ಅದು ಕ್ಲಿಕ್ ಎನ್ನಬೇಕು, ಬೆರಳಿಗೂ ಆ ಮಿಡಿತ ತಿಳಿಯಬೇಕು. ಸದ್ದು ಬಂದೂ ಚಕ್ರ ಹಿಡಿದುಕೊಂಡರೆ ಕವಾಟದೊಳಗೆ ಕಸ ಸಿಕ್ಕಿ ಅದು ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಗೇರ್ ಹಾಕುವ ಮೊದಲೇ ಕೊಂಡಿ ಒಳಕ್ಕೆ ಒತ್ತಿಕೊಂಡಿತ್ತು. ಈ ಎರಡನೆಯ ಸಂದರ್ಭ ಸಾಮಾನ್ಯವಾದುದು. ಮುಂದೆ ಹೋಗುತ್ತಿದ್ದ ಕಾರು ನಿಂತಾಗ ಟ್ರೇಲರು ನೂಕಿ ಬ್ರೇಕ್ ಹಿಡಿದಿರುತ್ತದೆ, ಅದೇ ಸ್ಥಿತಿಯಲ್ಲಿ ರಿವರ್ಸ್ ಹಾಕಿದರೆ ಕೆಲವು ಕವಾಟಗಳು ಆ ಒತ್ತಡವನ್ನು ಚಕ್ರದ ಕಡೆಯೇ ಬಂಧಿಸಿಡುತ್ತವೆ. ನಿಂತ ಮೇಲೆ ಒಂದಡಿ ಮುಂದಕ್ಕೆ ಎಳೆದು, ಕೊಂಡಿ ಹಿಗ್ಗಿದ ನಂತರ ರಿವರ್ಸ್ ಹಾಕುವ ಅಭ್ಯಾಸ ಮಾಡಿಕೊಂಡರೆ ಇದು ತಾನಾಗಿ ತಪ್ಪುತ್ತದೆ.

ಸದ್ದೇ ಬರದಿದ್ದರೆ ವಿದ್ಯುತ್ ತಲುಪುತ್ತಿಲ್ಲ, ಇಲ್ಲವೇ ಸುರುಳಿ ಸುಟ್ಟಿದೆ. ಸೊಲೆನಾಯ್ಡಿನ ಎರಡು ತಂತಿಗಳನ್ನು ಬಿಡಿಸಿ, ಫ್ಯೂಸ್ ಹಾಕಿದ ತಂತಿಯ ಮೂಲಕ ಬ್ಯಾಟರಿಯಿಂದಲೇ ಕ್ಷಣಕಾಲ 12 ವೋಲ್ಟ್ ಕೊಟ್ಟು ನೋಡಿ. ಆಗ ಕ್ಲಿಕ್ ಎಂದರೆ ಸೊಲೆನಾಯ್ಡ್ ಚೆನ್ನಾಗಿದೆ, ದೋಷ ತಂತಿಯಲ್ಲಿದೆ. ಮಲ್ಟಿಮೀಟರನ್ನು ಕಾರಿನ ಸಾಕೆಟ್ಟಿನಿಂದ ಆರಂಭಿಸಿ ಹಿಂದಕ್ಕೆ ಒಂದೊಂದೇ ಜೋಡಣೆಯಲ್ಲಿ ಇಟ್ಟು ಅಳೆಯುತ್ತ ಬನ್ನಿ, ಆದರೆ ಸೊಲೆನಾಯ್ಡನ್ನು ಜೋಡಿಸಿಟ್ಟುಕೊಂಡೇ ಅಳೆಯಿರಿ. ತುಕ್ಕು ಹಿಡಿದ ತಂತಿ ಹೊರೆಯಿಲ್ಲದಾಗ 12 ವೋಲ್ಟನ್ನೇ ತೋರಿಸುತ್ತದೆ, ಸೊಲೆನಾಯ್ಡಿನ ಹೊರೆ ಬಿದ್ದೊಡನೆ ಕುಸಿಯುತ್ತದೆ. ಅರ್ತ್ ಕಡೆಯನ್ನೂ ಇದೇ ರೀತಿ ನೋಡಬೇಕು. ಅನೇಕ ಟ್ರೇಲರುಗಳಲ್ಲಿ ಅರ್ತ್ ತಂತಿ ಯಾವಾಗಲೋ ತುಂಡಾಗಿ, ಗ್ರೀಸ್ ಮೆತ್ತಿದ ಕೊಂಡಿಯ ಗುಂಡಿನ ಮೂಲಕವೇ ಹೇಗೋ ದೀಪಗಳು ಉರಿಯುತ್ತಿರುತ್ತವೆ. ಮಿಣುಕು ದೀಪಕ್ಕೆ ಸಾಕಾಗುವ ಆ ಅರ್ತ್ ಸೊಲೆನಾಯ್ಡಿಗೆ ಸಾಲುವುದಿಲ್ಲ. ಬಿಳಿಯ ಅರ್ತ್ ತಂತಿಯನ್ನು ಸಾಕೆಟ್ಟಿನಿಂದ ಸೊಲೆನಾಯ್ಡಿನ ತನಕ ಹೊಸದಾಗಿ ಎಳೆದುಬಿಡುವುದು ಒಳ್ಳೆಯದು.

ತಂತಿಯ ಬಣ್ಣಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಇಲ್ಲಿ ಆಗುವ ತಪ್ಪು ಬರಿಯ ಅನನುಕೂಲವಲ್ಲ, ಅಪಾಯ. ಅಮೆರಿಕದ ಪದ್ಧತಿಯ ಐದು ತಂತಿಯ ಚಪ್ಪಟೆ ಪ್ಲಗ್ಗಿನಲ್ಲಿ ಬಿಳಿ ಅರ್ತ್, ಕಂದು ಹಿಂದಿನ ದೀಪ, ಹಳದಿ ಎಡಗಡೆಯದು, ಹಸಿರು ಬಲಗಡೆಯದು. ಐದನೆಯದಾದ ನೀಲಿ ತಂತಿಯೇ ಈ ರಿವರ್ಸ್ ಸೊಲೆನಾಯ್ಡಿನದು. ಯುರೋಪಿನ ಪದ್ಧತಿಯ ಏಳು ಪಿನ್ನಿನ ದುಂಡು ಸಾಕೆಟ್ಟಿನಲ್ಲಿ ನೀಲಿಯು 2ನೆಯ ಪಿನ್ನಿನದು, ಅದು ಹಿಂದಿನ ಮಂಜುದೀಪಕ್ಕೆ ಮೀಸಲು. ರಿವರ್ಸ್ ದೀಪಕ್ಕೆ ಆ ಸಾಕೆಟ್ಟಿನಲ್ಲಿ ಪಿನ್ನೇ ಇಲ್ಲ. ಹದಿಮೂರು ಪಿನ್ನಿನ ಸಾಕೆಟ್ಟಿದ್ದರೆ 8ನೆಯದು ರಿವರ್ಸಿನದು. ಇನ್ನು ಅಮೆರಿಕದ ಏಳು ಪಿನ್ನಿನ ಸಾಕೆಟ್ಟಿನಲ್ಲಿ ನೀಲಿ ತಂತಿ ವಿದ್ಯುತ್ ಬ್ರೇಕಿನದು, ರಿವರ್ಸಿನ ಪಿನ್ನು ನಡುವೆ ಇರುತ್ತದೆ. ಎರಡೂ ಕಡೆ ನೀಲಿಯೇ ಇದೆಯಲ್ಲ ಎಂದು ನೀಲಿಗೆ ನೀಲಿ ಜೋಡಿಸಿದರೆ, ಯುರೋಪಿನ ಸಾಕೆಟ್ಟಿನಲ್ಲಿ ಹಿಂದಕ್ಕೆ ಹೋಗುವಾಗ ಬ್ರೇಕ್ ಹಿಡಿಯುತ್ತಲೇ ಇರುತ್ತದೆ. ಅಮೆರಿಕದ ಏಳು ಪಿನ್ನಿನದರಲ್ಲಿ, ಕಾರಿನಲ್ಲಿ ವಿದ್ಯುತ್ ಬ್ರೇಕಿನ ನಿಯಂತ್ರಕವಿದ್ದರೆ, ನೀವು ಬ್ರೇಕ್ ಒತ್ತಿದಾಗಲೆಲ್ಲ ಸೊಲೆನಾಯ್ಡ್ ಮುಚ್ಚಿಕೊಂಡು ಟ್ರೇಲರಿಗೆ ಬ್ರೇಕೇ ಇಲ್ಲದಂತಾಗುತ್ತದೆ. ಬಣ್ಣವನ್ನು ನಂಬಬೇಡಿ, ರಿವರ್ಸ್ ಗೇರ್ ಹಾಕಿ ಮೀಟರಿನಲ್ಲಿ ನೋಡಿದ್ದನ್ನು ಮಾತ್ರ ನಂಬಿ.

ನನ್ನ ಕಾರಿನ ಸಾಕೆಟ್ಟಿನಲ್ಲಿ ರಿವರ್ಸಿನ ತಂತಿ ಇರಲಿಲ್ಲ. ರಿವರ್ಸ್ ದೀಪದ ತಂತಿಯನ್ನೇ ಕೊರೆದು ಅಲ್ಲಿಂದ ನೇರವಾಗಿ ಸೊಲೆನಾಯ್ಡಿಗೆ ಎಳೆಯುವುದು ಸರಿಯಲ್ಲ, ಹೊಸ ಕಾರುಗಳ ತೆಳುತಂತಿ ಮತ್ತು ಕಂಪ್ಯೂಟರು ಆ ಹೆಚ್ಚಿನ ಹೊರೆಯನ್ನು ದೋಷವೆಂದು ಓದಬಹುದು. ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ಹರಿಯಬಿಡುವ ಸ್ವಿಚ್ಚಾದ ರಿಲೇಗೆ ರಿವರ್ಸ್ ದೀಪದಿಂದ ಸೂಚನೆಯನ್ನಷ್ಟೇ ಕೊಟ್ಟು, ಸೊಲೆನಾಯ್ಡಿನ ವಿದ್ಯುತ್ತನ್ನು ಬ್ಯಾಟರಿಯಿಂದ ಫ್ಯೂಸ್ ಮೂಲಕ ತರಬೇಕು. ರಿಲೇ, ನೀರು ಒಳಹೋಗದ ಕನೆಕ್ಟರ್, ಕಾಯಿಸಿದರೆ ಕುಗ್ಗುವ ತೊಗಟೆ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಬೆಸುಗೆ ಹಾಕಿದ ಜೋಡಣೆಯ ಮೇಲೆ ಬರಿಯ ಇನ್ಸುಲೇಷನ್ ಟೇಪ್ ಸುತ್ತಿದರೆ ಅದು ನೀರಿಗಿಳಿಯುವ ಟ್ರೇಲರಿನಲ್ಲಿ ಒಂದು ಮಳೆಗಾಲವನ್ನೂ ತಾಳುವುದಿಲ್ಲ.

ಡ್ರಮ್ ಬ್ರೇಕಿನ ಟ್ರೇಲರು

ಇಲ್ಲಿ ತಂತಿಯ ಗೋಜಿಲ್ಲ, ಆದರೆ ಜೋಡಣೆಯ ಸೂಕ್ಷ್ಮ ಹೆಚ್ಚು. ಚಕ್ರ ಮುಂದಕ್ಕೆ ತಿರುಗುವಾಗ ಮುಂದಿನ ಶೂ ಡ್ರಮ್ಮಿನ ಜೊತೆ ಎಳೆದುಕೊಂಡು ಹೋಗಿ ಹಿಂದಿನ ಶೂವನ್ನೂ ಒತ್ತುತ್ತದೆ, ಹೀಗೆ ಹಿಡಿತ ತಾನಾಗಿ ಬಲಗೊಳ್ಳುತ್ತದೆ. ಹಿಂದಕ್ಕೆ ತಿರುಗುವಾಗ ಆ ನೆರವು ಸಿಗದಂತೆ ಮಾಡಿರುವುದರಿಂದ ಉಳಿಯುವ ಹಿಡಿತ ಕಾರು ಸುಲಭವಾಗಿ ಮೀರಬಹುದಾದಷ್ಟೇ. ಇಂಥ ಬ್ರೇಕಿನ ಎಡ ಮತ್ತು ಬಲದ ಜೋಡಣೆಗಳು ಬೇರೆ ಬೇರೆ. ಯಾರಾದರೂ ಬೇರಿಂಗ್ ಬದಲಿಸಲು ಬಿಚ್ಚಿದಾಗ ಎಡದ್ದನ್ನು ಬಲಕ್ಕೆ ಹಾಕಿದ್ದರೆ ಮುಂದೆ ಹೋಗುವಾಗ ಬ್ರೇಕ್ ಸಾಲದು, ಹಿಂದೆ ಹೋಗುವಾಗ ಕಚ್ಚಿ ಹಿಡಿಯುತ್ತದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಬೇರೇನೂ ಹುಡುಕದೆ ಡ್ರಮ್ ತೆಗೆಯಿರಿ. ಎರಡು ಶೂಗಳಲ್ಲಿ ಲೈನಿಂಗ್, ಅಂದರೆ ಉಜ್ಜುವ ಪದರ, ಗಿಡ್ಡವಾಗಿರುವುದು ಸಾಮಾನ್ಯವಾಗಿ ಟ್ರೇಲರಿನ ಮುಂಭಾಗದ ಕಡೆ ಇರಬೇಕು.

ಅತಿ ಬಿಗಿಯಾದ ಹೊಂದಾಣಿಕೆ ಇನ್ನೊಂದು ಕಾರಣ. ಜಾಕ್ ಕೊಟ್ಟು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಮುಂದಿನ ದಿಕ್ಕಿಗೆ ಮಾತ್ರ ತಿರುಗಿಸುತ್ತ ಶೂಗಳನ್ನು ಹೊಂದಿಸುವ ಹಲ್ಲುಚಕ್ರವನ್ನು ಬಿಗಿ ಮಾಡಿ, ನಂತರ ಚಕ್ರ ಸುಲಭವಾಗಿ ತಿರುಗಿ ತೆಳುವಾದ ಉಜ್ಜುಸದ್ದು ಮಾತ್ರ ಕೇಳುವ ತನಕ ಸಡಿಲಿಸಿ. ಹಿಂದಿನ ದಿಕ್ಕಿಗೆ ತಿರುಗಿಸುತ್ತ ಹೊಂದಿಸಿದರೆ ಶೂಗಳು ತಪ್ಪು ಜಾಗದಲ್ಲಿ ನೆಲೆಗೊಂಡು ಅಳತೆ ಸುಳ್ಳಾಗುತ್ತದೆ.

ಸರಳು ಮತ್ತು ಕೇಬಲಿನ ಯುರೋಪಿಯನ್ ಟ್ರೇಲರಿನಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟಾದುದು. ಶೂ ಸವೆದು ಬ್ರೇಕ್ ಕಡಿಮೆಯಾದಾಗ ಡ್ರಮ್ ಕಡೆ ಹೊಂದಿಸುವುದು ಬಿಟ್ಟು, ಕೈಗೆ ಸುಲಭವಾಗಿ ಸಿಗುವ ನಡುವಿನ ಸರಳಿನ ನಟ್ಟನ್ನು ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಸರಳಿನಲ್ಲಿ ಎಳೆತ ಉಳಿದುಬಿಟ್ಟರೆ ಶೂ ಮಡಚಿಕೊಳ್ಳಲು ಬೇಕಾದ ಸಡಿಲವೇ ಇರುವುದಿಲ್ಲ, ಹಾಗಾಗಿ ಹಿಂದಕ್ಕೆ ತಳ್ಳಿದಾಗ ಹಿಡಿದೇ ಹಿಡಿಯುತ್ತದೆ. ಮೊದಲು ಸರಳನ್ನು ಪೂರ್ತಿ ಸಡಿಲಿಸಿ, ಪ್ರತಿ ಡ್ರಮ್ಮನ್ನೂ ಹೊಂದಿಸಿ, ಕೊನೆಯಲ್ಲಿ ಮಾತ್ರ ಸರಳಿನ ಅಲುಗಾಟವನ್ನು ತೆಗೆಯಬೇಕು. ಕೇಬಲಿನ ಒಳಗೆ ತುಕ್ಕು ಹಿಡಿದು ಅದು ಹಿಂದಕ್ಕೆ ಸರಿಯದಿದ್ದರೂ ಇದೇ ಪರಿಣಾಮ. ಅಂಥ ಕೇಬಲಿಗೆ ಎಣ್ಣೆ ಬಿಟ್ಟು ಕಾಯುವುದಕ್ಕಿಂತ ಬದಲಿಸುವುದೇ ಮೇಲು.

ಹಿಡಿದ ಬ್ರೇಕ್ ಬಿಡದೆ ಹೋದರೆ

ಮುಂದಕ್ಕೆ ಎಳೆದರೂ ಚಕ್ರ ಬಿಗಿಯಾಗಿದ್ದ ಪಕ್ಷದಲ್ಲಿ ಮೊದಲು ಕೊಂಡಿಯ ಜಾರುವ ಭಾಗವನ್ನು ನೋಡಿ. ಟ್ರೇಲರಿನ ಚಕ್ರಗಳಿಗೆ ಅಡ್ಡ ಕೊಟ್ಟು ಕಾರನ್ನು ನಿಧಾನವಾಗಿ ಮುಂದಕ್ಕೆ ಎಳೆದಾಗ ಅದು ಪೂರ್ತಿ ಹೊರಬರಬೇಕು. ತುಕ್ಕಿನಿಂದ ನಡುವೆಯೇ ನಿಂತರೆ ಬಿಚ್ಚಿ ಉಜ್ಜಿ ಗ್ರೀಸ್ ಹಾಕಬೇಕು. ಅದು ಸರಿಯಿದ್ದರೆ ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಲು ಒಂದು ಖಚಿತವಾದ ಕ್ರಮವಿದೆ. ಬಿಗಿಯಾದ ಚಕ್ರವನ್ನು ಜಾಕ್ ಮೇಲೆ ಎತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ಜೋಡಣೆಯನ್ನು ಸ್ವಲ್ಪವೇ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ದೋಷ ಮಾಸ್ಟರ್ ಸಿಲಿಂಡರಿನದು. ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿದೆ, ಇಲ್ಲವೇ ಕಡ್ಡಿ ಪೂರ್ತಿ ಹಿಂದೆ ಸರಿದಿಲ್ಲ. ಬಿಡದಿದ್ದರೆ ಚಕ್ರದ ಬಳಿ ಆಯಿಲ್ ಹೊರಬಿಡಲೆಂದು ಇರುವ ಬ್ಲೀಡಿಂಗ್ ತಿರುಪನ್ನು ತೆರೆಯಿರಿ. ಆಗ ಬಿಟ್ಟುಕೊಂಡರೆ ನಡುವೆ ಎಲ್ಲೋ ತಡೆಯಿದೆ, ಅದು ಸೊಲೆನಾಯ್ಡ್ ಆಗಿರಬಹುದು, ಹೆಚ್ಚಾಗಿ ರಬ್ಬರ್ ಹೋಸ್. ಹಳೆಯ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ, ಒತ್ತಡದಲ್ಲಿ ಆಯಿಲ್ ಹೋಗಲು ಬಿಟ್ಟು ಹಿಂದಿರುಗಲು ಬಿಡುವುದಿಲ್ಲ. ತಿರುಪು ತೆರೆದರೂ ಚಕ್ರ ಬಿಗಿಯಾಗಿಯೇ ಇದ್ದರೆ ಆಯಿಲಿನ ತಪ್ಪಲ್ಲ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಅಥವಾ ಅದು ಜಾರುವ ಪಿನ್ನುಗಳು ತುಕ್ಕು ಹಿಡಿದಿವೆ, ಡ್ರಮ್ಮಾದರೆ ಶೂ ಸಿಕ್ಕಿಕೊಂಡಿದೆ.

ನನ್ನ ಟ್ರೇಲರಿನಲ್ಲಿ ಮೊದಲ ಜೋಡಣೆ ಸಡಿಲಿಸಿದೊಡನೆ ಚಕ್ರ ಬಿಟ್ಟುಕೊಂಡಿತು. ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದರೆ ಒಳಗಿನ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಹಿಂದೆ ಯಾರೋ ಬ್ರೇಕ್ ಆಯಿಲ್ ಬದಲು ಸ್ಟೀರಿಂಗ್ ಆಯಿಲ್ ಸುರಿದಿದ್ದರು. ಖನಿಜ ತೈಲ ತಗುಲಿದ ಬ್ರೇಕಿನ ರಬ್ಬರ್ ಉಬ್ಬಿಯೇ ಉಬ್ಬುತ್ತದೆ, ಉಬ್ಬಿದ ವಾಷರು ಹಿಂದಿರುಗುವ ರಂಧ್ರವನ್ನು ಮುಚ್ಚುತ್ತದೆ. ಹಾಗಾದಾಗ ಆಯಿಲ್ ಬದಲಿಸಿದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ಚಕ್ರದ ತನಕ ರಬ್ಬರಿನ ಪ್ರತಿಯೊಂದು ಭಾಗವನ್ನೂ ಹೋಸುಗಳ ಸಮೇತ ಬದಲಿಸಿ, ಲೋಹದ ಪೈಪುಗಳನ್ನು ತೊಳೆದು, ಮುಚ್ಚಳದ ಮೇಲೆ ಬರೆದ ದರ್ಜೆಯ, ಡಾಟ್ 3 ಎಂದಿದ್ದರೆ ಅದೇ, ಹೊಸದಾಗಿ ತೆರೆದ ಡಬ್ಬಿಯ ಆಯಿಲನ್ನು ತುಂಬಬೇಕು. ಹೋಸ್ ಮತ್ತು ರಬ್ಬರ್ ಕಿಟ್ ಹುಡುಕಲು ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಭಾಗಗಳನ್ನು ತೊಳೆದು ಕೈಯಲ್ಲಿ ಹಿಡಿದೇ ಹೋಗಿ. ಸಿಲಿಂಡರಿನ ಒಳವ್ಯಾಸ ಮತ್ತು ಹೋಸಿನ ತಿರುಪಿನ ಎಳೆಗಳ ಅಳತೆ ಹೊಂದದಿದ್ದರೆ ಹತ್ತಿರದ ಅಳತೆಯದನ್ನು ತರಬೇಡಿ.

ಕೈಯಿಂದ ಹಾಕುವ ಪಿನ್ನಿನ ಬಗ್ಗೆ ಒಂದು ಮಾತು. ಅದು ತುರ್ತಿಗೆ ಒಳ್ಳೆಯ ಉಪಾಯವೇ. ಆದರೆ ಅದನ್ನು ತೆಗೆಯಲು ಮರೆತು ಮುಂದಕ್ಕೆ ಹೊರಟರೆ ಟ್ರೇಲರಿಗೆ ಬ್ರೇಕಿಲ್ಲ. ಪಿನ್ನಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟಿ, ಹಿಂದಕ್ಕೆ ತೆಗೆದು ನಿಲ್ಲಿಸಿದ ಮೇಲೆ ಅದನ್ನು ಹೊರತೆಗೆಯುವ ತನಕ ಕಾರಿನ ಕೀಲಿಯನ್ನು ಇನ್ನೊಬ್ಬರ ಕೈಯಲ್ಲಿಡುವುದು ನಮ್ಮ ಮನೆಯ ಕಟ್ಟಳೆ.

ದುರಸ್ತಿ ಮುಗಿದ ಮೇಲೆ ಮರಳಿ ಅದೇ ತೊಂದರೆ ಬರದಂತೆ ತಡೆಯುವುದು ನೀರಿನ ವಿಷಯ. ಘಾಟಿ ಇಳಿದು ಕಾದ ಬ್ರೇಕನ್ನು ನೇರವಾಗಿ ತಣ್ಣೀರಿಗಿಳಿಸದೆ ಅರ್ಧ ಗಂಟೆಯಾದರೂ ಆರಲು ಬಿಡಿ. ಬಿಸಿ ಹಬ್ಬು ತಣಿಯುವಾಗ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಉಪ್ಪುನೀರಿಗೆ ಇಳಿಸಿದ ದಿನವೇ ಡ್ರಮ್, ಕ್ಯಾಲಿಪರ್, ಕೊಂಡಿಯ ಜಾರುಭಾಗ, ಪ್ಲಗ್ಗು ಎಲ್ಲವನ್ನೂ ಸಿಹಿನೀರಿನಿಂದ ತೊಳೆಯಬೇಕು, ಬೆಂಗಳೂರಿಗೆ ಬಂದ ಮೇಲೆ ತೊಳೆಯೋಣ ಎಂದರೆ ಆಗಲೇ ತಡವಾಗಿರುತ್ತದೆ. ಪ್ಲಗ್ಗನ್ನು ನೀರಿಗಿಳಿಸುವ ಮುನ್ನ ಕಳಚುವ ಅಭ್ಯಾಸ ಹಲವರಿಗಿದೆ, ದೀಪಗಳಿಗೆ ಅದು ಒಳ್ಳೆಯದೇ. ಸೊಲೆನಾಯ್ಡ್ ಇರುವ ಟ್ರೇಲರಿನಲ್ಲಿ ಪ್ಲಗ್ ಕಳಚಿದ ಮರುಕ್ಷಣದಿಂದ ಹಿಂದಕ್ಕೆ ತಳ್ಳಿದರೆ ಬ್ರೇಕ್ ಹಿಡಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಕೊನೆಯ ಪರೀಕ್ಷೆಯನ್ನು ಬೆಳಗಿನ ಜಾವ ವಾಹನಗಳಿಲ್ಲದ, ಮೆಲುವಾಗಿ ಏರಿದ ರಸ್ತೆಯಲ್ಲಿ ಮಾಡಿ. ಟ್ರೇಲರಿನ ಪಕ್ಕದಲ್ಲಿ, ಚಕ್ರದ ದಾರಿಯಿಂದ ದೂರ, ಒಬ್ಬರು ನಿಂತಿರಲಿ. ಮೊದಲು ಮುಂದಕ್ಕೆ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿದಾಗ ಟ್ರೇಲರು ನೂಕದೆ ಜೊತೆಗೇ ನಿಲ್ಲುತ್ತದೆಯೇ ಎಂದು ನೋಡಿ, ಏಕೆಂದರೆ ಹಿಂದಕ್ಕೆ ಸಲೀಸಾಗಿ ಬರುವ ಟ್ರೇಲರಿಗೆ ಮುಂದಕ್ಕೆ ಬ್ರೇಕೇ ಇಲ್ಲದೆಯೂ ಇರಬಹುದು. ಅನಂತರ ಒಂದಡಿ ಎಳೆದು ನಿಲ್ಲಿಸಿ, ರಿವರ್ಸ್ ಹಾಕಿ ಏರಿನಲ್ಲಿ ಹಿಂದಕ್ಕೆ ತಳ್ಳಿ. ಎರಡೂ ಚಕ್ರಗಳು ಉರುಳಿದವೆಂದು ನಿಂತವರು ಕೈಬೀಸಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬಂದು ಎರಡೂ ಹಬ್ಬುಗಳ ಕಾವನ್ನು ಹೋಲಿಸಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಎಂದಾದರೆ ಆ ಬಿಸಿ ಚಕ್ರದ ಬ್ರೇಕನ್ನು ಮತ್ತೆ ತೆರೆಯಬೇಕು.